ಕೋಳಿಯಿಲ್ಲದ ಹಟ್ಟಿಯ ಕೂಗು

ಚಳ್ಳಕೆರೆಯ ಖಾಸಗಿ ಬಸ್ ನಿಲ್ದಾಣದ ಎದುರಿಗೆ 'ರಂಗ ಕಂಪ್ಯೂಟರ್ಸ್' ಅಂತ ಒಂದು ಅಂಗಡಿ ಇದೆ. ಹೆಸರು ದೊಡ್ಡದು, ಒಳಗಿರುವುದು ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಒಂದು ಫ್ಯಾನು ಮತ್ತು ಪ್ರೇಮಲತಾ. ಫ್ಯಾನು ಮನಸ್ಸು ಬಂದರೆ ತಿರುಗುತ್ತದೆ. ಪ್ರೇಮಲತಾ ಮಾತ್ರ ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು, ಪಕ್ಕದ ಮಿಲ್ಲಿನಿಂದ ಬರುವ ಕಡಲೆಕಾಯಿ ಎಣ್ಣೆಯ ವಾಸನೆಯಲ್ಲಿ ಕೂತು ಊರಿನ ಮದುವೆ ಕಾರ್ಡು, ತಿಥಿ ಕಾರ್ಡು, ಬಾಡಿಗೆ ಕರಾರುಗಳನ್ನೆಲ್ಲ ಟೈಪ್ ಮಾಡುತ್ತಿದ್ದಾಳೆ.

ಮದುವೆ ಕಾರ್ಡಿನಲ್ಲಿ ಯಾರ ಹೆಸರು ಇರುವುದಿಲ್ಲ ಹೇಳಿ? ವರನ ಸೋದರತ್ತೆಯ ಮೈದುನನ ಹೆಸರಿರುತ್ತದೆ. 'ನಮ್ಮ ಚಿಕ್ಕಮ್ಮನ ಮದುವೆಗೆ ತಪ್ಪದೇ ಬನ್ನಿ' ಅಂತ ಇನ್ನೂ ಹಲ್ಲು ಬಾರದ ಕೂಸಿನ ಹೆಸರಿರುತ್ತದೆ. ಕಾರ್ಡಿನ ಬೆನ್ನಿಗೆ ಪ್ರೆಸ್ಸಿನ ಹೆಸರೂ ಇರುತ್ತದೆ. ಅಷ್ಟನ್ನೂ ಒಂದಕ್ಷರ ತಪ್ಪದೆ ಟೈಪ್ ಮಾಡಿದವಳ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಬಾಯಲ್ಲೂ ಅಷ್ಟೇ. ಊರಿಗೆ ಅವಳು 'ಜೆರಾಕ್ಸ್ ಮೇಡಂ', ಗಂಡನ ಮನೆಯ ಕಡೆಯವರಿಗೆ 'ಜಯಣ್ಣನ ಹೆಂಡ್ತಿ'. ಮೊಳಕಾಲ್ಮೂರು ಸೀಮೆಯ ಕಾರೇಹಟ್ಟಿ, ಅಂದರೆ ಅವಳ ತಾಯಿ ಹುಟ್ಟಿದ ಹಟ್ಟಿಯಲ್ಲಿ, ಅವಳು ಬರೀ 'ರಂಗಿ ಮಗಳು'.

ಇದಕ್ಕೊಂದು ಹಳೇ ಜಗಳವಿದೆ. ಅವಳು ಹುಟ್ಟಿದಾಗ ದೊಡ್ಡವ್ವ ಬೋರಕ್ಕ, ಹಟ್ಟಿಯ ದೇವರ ಹೆಸರಿಡಬೇಕು ಅಂತ ಹಟ ಹಿಡಿದಿದ್ದಳಂತೆ. ತಂಗಿ ರಂಗಕ್ಕ ಪೇಟೆಗೆ ಸೊಸೆಯಾಗಿ ಹೋದವಳು. ಶಾಲೆ ಮೇಷ್ಟ್ರು ಹೇಳಿದರು ಅಂತ 'ಪ್ರೇಮಲತಾ' ಅಂದುಬಿಟ್ಟಳು. "ಆ ಹೆಸರು ನನ್ನ ಬಾಯಾಗೆ ಬಂದ್ರೆ ಕೇಳು" ಅಂದಳು ಬೋರಕ್ಕ. ನಲವತ್ತನಾಲ್ಕು ವರ್ಷವಾದರೂ ಬಂದಿರಲಿಲ್ಲ. ರಂಗಕ್ಕ ತೀರಿಕೊಂಡು ಆರು ವರ್ಷವಾದ ಮೇಲೂ ಬಂದಿರಲಿಲ್ಲ. ಹಟ ಅಂದರೆ ಹಾಗಿರಬೇಕು.

ಇಂಥ ಪ್ರೇಮಲತಾಗೆ ಕಳೆದ ವರ್ಷ ಪುಣೆಯ ಒಂದು ಕಂಪನಿಯಿಂದ ಕೆಲಸ ಬಂತು. ದನ ಕುರಿ ಸಾಕುವವರಿಗಾಗಿ ಅವರೊಂದು ಆ್ಯಪ್ ಮಾಡಿದ್ದರು, ಹೆಸರು 'ಕೊಟ್ಟಿಗೆ'. ಯಾವ ಕುರಿಗೆ ಯಾವಾಗ ಲಸಿಕೆ ಹಾಕಿಸಿದ್ದು, ಮುಂದಿನದು ಯಾವಾಗ, ಕಾಯಿಲೆ ಬಂದರೆ ಯಾರಿಗೆ ಹೇಳಬೇಕು, ಎಲ್ಲ ಅದರಲ್ಲಿ. ಓದಲು ಬಾರದವರಿಗೆ ಆ್ಯಪ್ ತಾನೇ ಗಟ್ಟಿಯಾಗಿ ಓದಿ ಹೇಳುತ್ತದೆ. ಇಂಗ್ಲಿಷಿನಲ್ಲಿದ್ದ ಸಾವಿರದ ನೂರ ನಲವತ್ತು ಸಾಲುಗಳನ್ನು ಕನ್ನಡಕ್ಕೆ ತರಬೇಕು. ಕಂಪನಿಯ ಪರವಾಗಿ ಫೋನಿನಲ್ಲಿ ಮಾತಾಡುವವರು ಹನುಮಂತರಾಜು, ತುಮಕೂರಿನವರು. ಅವರು ಕೊನೆಯಲ್ಲಿ ಒಂದು ಮಾತು ಹೇಳಿದರು: "ಆ್ಯಪ್‌ನ ಕೊನೇ ಪುಟದಲ್ಲಿ ಕನ್ನಡಕ್ಕೆ ತಂದವರ ಹೆಸರು ಹಾಕ್ತೀವಿ ಮೇಡಂ. ಎಷ್ಟು ಫೋನಲ್ಲಿ ಇರುತ್ತೋ ಅಷ್ಟರಲ್ಲೂ ನಿಮ್ಮ ಹೆಸರು."

ಪ್ರೇಮಲತಾ ಬೇರೆ ಏನನ್ನೂ ಕೇಳದೆ ಒಪ್ಪಿಕೊಂಡಳು. ಆಸೆ ಪಟ್ಟಿದ್ದನ್ನು ಮುಚ್ಚಿಡುವುದು ಯಾಕೆ, ಆ ಒಂದು ಸಾಲಿಗಾಗಿಯೇ ಒಪ್ಪಿಕೊಂಡಳು.

ಮೊದಲು ಯಾರೋ ಯಂತ್ರದಿಂದ ಮಾಡಿಸಿದ್ದ ಕನ್ನಡವೊಂದು ಅದರಲ್ಲಿತ್ತು. ಕುರಿಯ ಹೆಸರು ತೆಗೆಯಲು ಹೋದರೆ ಅದು, 'ನೀವು ಅಳಿಸಲು ಬಯಸುವಿರಿ ಎಂಬುದು ನಿಮಗೆ ಖಚಿತವಾಗಿದೆಯೇ?' ಅನ್ನುತ್ತಿತ್ತು. ಪ್ರೇಮಲತಾ ಭಾನುವಾರ ಹಟ್ಟಿಗೆ ಹೋಗಿ ದೊಡ್ಡವ್ವನಿಗೆ ಓದಿ ಹೇಳಿದಳು. ಬೋರಕ್ಕ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಇವನ್ಯಾರೇ, ಕಟಕಟೆನಾಗೆ ನಿಲ್ಲಿಸಿ ಕೇಳಿದಂಗೆ ಕೇಳ್ತಾನೆ? ನಾನೇನ್ ಕದ್ದೀನಾ?"

"ಮತ್ತೆ ಹೆಂಗೆ ಕೇಳ್ಬೇಕು ದೊಡ್ಡವ್ವ?"

"ತೆಗೀಲಾ ಅಂತ ಕೇಳು. ಹೂಂ ಅಂದ್ರೆ ತೆಗಿ, ಬ್ಯಾಡ ಅಂದ್ರೆ ಬಿಡು. ಅದ್ರಾಗೇನೈತೆ?"

ಹಾಗೇ ಆಯಿತು. 'ತೆಗೀಲಾ?' ಅಂತ ಪ್ರಶ್ನೆ, 'ಹೂಂ', 'ಬ್ಯಾಡ' ಅಂತ ಎರಡು ಗುಂಡಿ. 'ದಯವಿಟ್ಟು ನಿರೀಕ್ಷಿಸಿ' ಇದ್ದದ್ದು 'ತಡೀರಿ, ಬಂತು' ಆಯಿತು. 'ಕ್ಷಮಿಸಿ, ಅನಿರೀಕ್ಷಿತ ದೋಷ ಸಂಭವಿಸಿದೆ' ಅಂತ ಇದ್ದದ್ದು 'ಆಗ್ಲಿಲ್ಲ, ಇನ್ನೊಂದ್ಸಲ ಮಾಡಿ' ಆಯಿತು. ಎಷ್ಟು ಕುರಿ ಇವೆ ಅಂತ ನೇರವಾಗಿ ಕೇಳಿದರೆ ಹಟ್ಟಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಎಣಿಸಿದರೆ ದೃಷ್ಟಿ ತಗಲುತ್ತದೆ. ಅದಕ್ಕೆ 'ಅಂದಾಜು ಎಷ್ಟಿದಾವು?' ಅಂತ ಮಾಡಿದಳು. ಹೊರಗೆ ಹೋಗುವ ಗುಂಡಿಗೆ 'ಬರ್ತೀನಿ' ಅಂತ ಹಾಕಿದಾಗ ಮಾತ್ರ ಹನುಮಂತರಾಜು ಫೋನು ಮಾಡಿ ತಕರಾರು ತೆಗೆದರು.

"ಹೋಗೋ ಗುಂಡಿಗೆ ಬರ್ತೀನಿ ಅಂದ್ರೆ ಹೇಗೆ ಮೇಡಂ?"

"ನಿಮ್ಮ ಮನೇಲಿ ಹೊರಡುವಾಗ ಏನಂತ ಹೇಳಿ ಹೊರಡ್ತೀರಿ ಸಾರ್? ಹೋಗ್ತೀನಿ ಅಂತಾನಾ?"

ಆ ಕಡೆ ಹನುಮಂತರಾಜು ನಕ್ಕುಬಿಟ್ಟರು. "ಇರಲಿ ಬಿಡಿ" ಅಂದರು.

ಇಷ್ಟೆಲ್ಲ ಆದಮೇಲೆ ಪ್ರೇಮಲತಾಗೆ ಒಂದು ವಿಷಯದಲ್ಲಿ ತನ್ನ ಬೆನ್ನು ತಾನೇ ತಟ್ಟಿಕೊಳ್ಳಬೇಕು ಅನ್ನಿಸಿತ್ತು. ಆ್ಯಪ್‌ನಲ್ಲಿ ಪ್ರಾಣಿಗಳ ಪಟ್ಟಿ ಇತ್ತು: ದನ, ಎಮ್ಮೆ, ಕುರಿ, ಮೇಕೆ, ಕೋಳಿ. ಕಾರೇಹಟ್ಟಿಯಲ್ಲಿ ಕೋಳಿ ಅನ್ನುವುದು ಇಲ್ಲ. ಸಾಕುವಂತಿಲ್ಲ, ತಿನ್ನುವಂತಿಲ್ಲ, ಹಟ್ಟಿಯ ಎಲ್ಲೆಯೊಳಗೆ ಒಂದು ಪುಕ್ಕ ಬೀಳುವಂತಿಲ್ಲ. ಹಟ್ಟಿಯ ಮೂಡಲಲ್ಲಿ ಮುಳ್ಳುಬೇಲಿ ಕಟ್ಟಿದ ರೊಪ್ಪದಲ್ಲಿ ದೇವರ ಎತ್ತುಗಳಿವೆ. ಅವು ಇರುವ ಕಡೆ ಕೋಳಿ ಇರಕೂಡದು. ಯಾಕೆ ಅಂತ ಯಾರೂ ಕೇಳಿಲ್ಲ, ಕೇಳಿದವರಿಗೆ ಯಾರೂ ಹೇಳಿಲ್ಲ. ಟೀವಿಯಲ್ಲಿ ಕೋಳಿ ಕಂಡರೆ ಹೆಂಗಸರು ರಿಮೋಟು ಹುಡುಕುತ್ತಾರೆ. ಕೊನೆಯ ಪರೀಕ್ಷೆ ನಡೆಯುವುದು ಈ ಹಟ್ಟಿಯಲ್ಲೇ ಅಂತ ಗೊತ್ತಾದ ಕೂಡಲೇ ಪ್ರೇಮಲತಾ ಹನುಮಂತರಾಜುಗೆ ದುಂಬಾಲು ಬಿದ್ದು ಕೋಳಿಯನ್ನು ಪಟ್ಟಿಯಿಂದ ಮರೆ ಮಾಡಿಸಿದ್ದಳು. ಬೇಕಾದವರು ಹುಡುಕಿಕೊಳ್ಳಲಿ, ಕಣ್ಣಿಗಂತೂ ಬೀಳಬಾರದು. ಕೋಳಿಯನ್ನು ಹೀಗೆ ಹೊಸಲಾಚೆ ಅಟ್ಟಿದೆ ಅಂತ ಅವಳು ನಿಶ್ಚಿಂತೆಯಾಗಿದ್ದಳು.

ಆ್ಯಪ್ ತೆರೆದ ಕೂಡಲೇ ಒಂದು ದನಿ ಬರುತ್ತದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅಂಗಡಿಯ ಕಂಪ್ಯೂಟರಿನ ಸ್ಪೀಕರು ಸತ್ತು ಮೂರು ವರ್ಷವಾಗಿತ್ತು. ಕಂಪನಿ ಕಳಿಸಿದ ಟ್ಯಾಬ್ಲೆಟ್ಟನ್ನೂ, ಗಿರಾಕಿಗಳಿಗೆ ಕಿರಿಕಿರಿಯಾಗಬಾರದು ಅಂತ, ಮೊದಲ ದಿನವೇ ಮೂಕ ಮಾಡಿಟ್ಟಿದ್ದಳು.

ಪರೀಕ್ಷೆ ಶುಕ್ರವಾರಕ್ಕೆ ಗೊತ್ತಾಗಿತ್ತು. ಅವತ್ತು ಹಟ್ಟಿಯವರು ಯಾರ ಸಹಾಯವೂ ಇಲ್ಲದೆ ತಮ್ಮ ಕುರಿಗಳನ್ನು ಆ್ಯಪ್‌ಗೆ ಸೇರಿಸಬೇಕು. ಅದಕ್ಕೆ ಮೊದಲು ಒಂದು ಸಲ ತೋರಿಸಿಬಿಡೋಣ ಅಂತ ಬುಧವಾರ ಮಧ್ಯಾಹ್ನ ಪ್ರೇಮಲತಾ ಹೊರಟಳು. ಜೊತೆಗೆ ಮಾರುತೇಶ, ಕಂಪನಿಯ ಪರವಾಗಿ ಹಳ್ಳಿ ಸುತ್ತುವವನು, ಚಳ್ಳಕೆರೆಯವನೇ. ಒಳ್ಳೆಯವನು, ಆದರೆ ಅವನ ಬಾಯಿ ಅವನ ತಲೆಗಿಂತ ಒಂದು ಮಾರು ಮುಂದೆ ಓಡುತ್ತದೆ.

ದೇವರ ಎತ್ತಿನ ರೊಪ್ಪದ ಬಾಯಲ್ಲಿ ಬೇವಿನ ನೆರಳಿದೆ, ಹಟ್ಟಿಯ ಜನ ಕೂರುವುದು ಅಲ್ಲೇ. ಯಜಮಾನ ಉಗ್ರಪ್ಪಜ್ಜ ಟವೆಲ್ ಕೊಡವಿ ಬಂಡೆಯ ಮೇಲೆ ಕೂತ. ಬೋರಕ್ಕ ಎದುರಿಗೆ ಕೂತಳು. ಹತ್ತಿಪ್ಪತ್ತು ಜನ ಸುತ್ತ ನಿಂತರು. ಬೋರಕ್ಕನ ಕಿವಿ ಸ್ವಲ್ಪ ಮಂದ, ಅವಳಿಗೆ ಓದಿ ಹೇಳುವುದು ಚೆನ್ನಾಗಿ ಕೇಳಿಸಲಿ ಅಂತ ಮಾರುತೇಶ ಟ್ಯಾಬ್ಲೆಟ್ಟಿನ ದನಿಯನ್ನು ಪೂರ್ತಿ ಏರಿಸಿ ಆ್ಯಪ್ ಒತ್ತಿದ.

"ಕೊಕ್ಕೊಕ್ಕೋ... ಕೋ!"

ಒಳ್ಳೇ ಗಂಟಲು. ಪುಣೆಯಲ್ಲಿ ಆರಿಸಿ ತಂದದ್ದಿರಬೇಕು. ಬೇವಿನ ಮೇಲಿದ್ದ ಕಾಗೆಗಳು ಹಾರಿದವು. ರೊಪ್ಪದೊಳಗೆ ಮಲಗಿದ್ದ ದೇವರ ಎತ್ತು ಎದ್ದು ನಿಂತಿತು. ಹಟ್ಟಿಯಲ್ಲಿ ಹುಟ್ಟಿ ಹಟ್ಟಿಯಲ್ಲೇ ಬೆಳೆದ ಒಂದು ನಾಯಿ, ಕೇಳಿ ಅಭ್ಯಾಸವಿಲ್ಲದ ಸದ್ದಿಗೆ ಬಾಲ ಮುದುರಿಕೊಂಡು ಓಡಿತು. ಜನ ಮಾತ್ರ ಅಲ್ಲಾಡಲಿಲ್ಲ.

ಪ್ರೇಮಲತಾಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಸಾವಿರದ ನೂರು ಸಾಲು ಸೋಸಿ, ಪಟ್ಟಿಯಿಂದ ಕೋಳಿ ಕಿತ್ತು, ಕೊನೆಗೆ ತನ್ನ ಕೈಯಾರೆ ಒಂದು ಹುಂಜವನ್ನು ತಂದು ರೊಪ್ಪದ ಬಾಯಲ್ಲೇ ಕೂಗಿಸಿದ್ದಳು.

"ಕೋಳಿ ಎಲ್ಲೈತೆ?" ಅಂದ ಉಗ್ರಪ್ಪಜ್ಜ, ಬಹಳ ಮೆಲ್ಲಗೆ.

"ಕೋಳಿ ಇಲ್ಲಜ್ಜ, ಬರೀ ದನಿ" ಅಂದಳು ಪ್ರೇಮಲತಾ.

"ದನಿ ಐತೆ ಅಂದ್ಮ್ಯಾಲೆ ಗಂಟ್ಲು ಐತೆ. ಗಂಟ್ಲು ಐತೆ ಅಂದ್ಮ್ಯಾಲೆ ಕೋಳಿ ಐತೆ."

"ಅಜ್ಜ, ಅದು ಪುಣೆ ಕೋಳಿರೀ, ಇಲ್ಲಿದಲ್ಲ" ಅಂದ ಮಾರುತೇಶ. ಸುಮ್ಮನಿರಬೇಕಾದ ಹೊತ್ತು ಅವನಿಗೆ ಯಾವತ್ತೂ ಗೊತ್ತಾಗಿಲ್ಲ.

"ಲೇ, ಪುಣೆ ಕೋಳಿಗೆ ಎರಡು ಕಾಲು ಇರಂಗಿಲ್ಲೇನ್ಲೇ?"

"ಟೀವಿನಾಗೂ ಕೂಗ್ತೈತಲ್ಲಜ್ಜ" ಅಂತ ಹಿಂದಿನಿಂದ ಯಾರೋ ಪ್ರೇಮಲತಾಳ ಪರ ವಹಿಸಿದರು.

"ಟೀವಿ ಮನ್ಯಾಗೆ ಕೂಗ್ತೈತೆ. ಇದು ದೇವ್ರೆತ್ತಿನ ಮುಂದೆ ಕೂಗೈತೆ." ಉಗ್ರಪ್ಪಜ್ಜ ಎದ್ದ. "ಗಂಜ್ಲ ತರ್ರಿ."

ಗಂಜಲ ಬಂತು. ರೊಪ್ಪದ ಬಾಯಿಗೆ ಚಿಮುಕಿಸಿದರು, ಬಂಡೆಗೆ ಚಿಮುಕಿಸಿದರು, ಮಾರುತೇಶನಿಗೂ ಎರಡು ಹನಿ ಹೆಚ್ಚಾಗಿಯೇ ಬಿತ್ತು. ಟ್ಯಾಬ್ಲೆಟ್ಟಿನ ಸರದಿ ಬಂದಾಗ ಅವನು ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, "ನೀರು ಬಿದ್ರೆ ಸುಟ್ಟೋಗುತ್ತೆ, ಕಂಪನಿದು!" ಅಂತ ಕೂಗಿಕೊಂಡ. ಕೊನೆಗೆ ಉಗ್ರಪ್ಪಜ್ಜ ತೀರ್ಪು ಕೊಟ್ಟ: "ರಂಗಿ ಮಗ್ಳು ನಮ್ಮೋಳು, ಬೇಕಂತ ಮಾಡಿಲ್ಲ. ಆದ್ರೆ ಕೋಳಿ ನುಂಗಿದ ಹಲಗೆ ಹಟ್ಟಿ ಒಳಗೆ ಬರಂಗಿಲ್ಲ." ಟ್ಯಾಬ್ಲೆಟ್ಟನ್ನು ಒಂದು ಚೀಲಕ್ಕೆ ಹಾಕಿ ಎಲ್ಲೆಯಾಚೆಯ ಜಾಲಿ ಗಿಡಕ್ಕೆ ನೇತು ಹಾಕಿದರು.

ಕಾರೇಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ಲು ಬೇಕೆಂದರೆ ಹಟ್ಟಿ ಹಿಂದಿನ ಬಂಡೆ ಹತ್ತಬೇಕು. ಪ್ರೇಮಲತಾ ಸೆರಗು ಸಿಕ್ಕಿಸಿ ಹತ್ತಿ ಹನುಮಂತರಾಜುಗೆ ಫೋನು ಮಾಡಿದಳು.

"ಮೇಡಂ, ಹನ್ನೊಂದು ಭಾಷೆಯಲ್ಲಿ ಇದೇ ಕೋಳಿ ಕೂಗ್ತಿದೆ. ಎಲ್ಲೂ ದೂರು ಬಂದಿಲ್ಲ" ಅಂದರು ಅವರು.

"ಹನ್ನೆರಡನೇದರಲ್ಲಿ ಬಂದಿದೆ ಸಾರ್."

ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ ಹನುಮಂತರಾಜು ಮೆತ್ತಗೆ ಹೇಳಿದರು, "ನಿಮಗೆ ಕಳಿಸಿದ ಹಾಳೆಯಲ್ಲೇ ಇದೆ ಮೇಡಂ. ಸಾವಿರದ ನೂರ ಮೂವತ್ತೇಳನೇ ಸಾಲು. 'ಆರಂಭದ ದನಿ, ಏಳು ಸೆಕೆಂಡು, ಊರಿಗೆ ತಕ್ಕಂತೆ ಬದಲಿಸಬಹುದು.' ನೀವು ಆ ಜಾಗ ಖಾಲಿ ಬಿಟ್ಟಿದ್ದೀರಿ. ಖಾಲಿ ಬಿಟ್ಟರೆ ಇದ್ದದ್ದೇ ಇರುತ್ತೆ."

ಅವಳಿಗೆ ನೆನಪಾಯಿತು. ದನಿ ಅಂದರೆ ಮಾತಲ್ಲವಲ್ಲ, ಅದಕ್ಕೆ ಕನ್ನಡ ಏನು ಅಂತ ಆ ಸಾಲನ್ನು ಹಾರಿಸಿ ಮುಂದೆ ಹೋಗಿದ್ದಳು. ಪಟ್ಟಿಯಲ್ಲಿ ಬರೆದ ಕೋಳಿ ಕಣ್ಣಿಗೆ ಬಿತ್ತು, ಗಂಟಲಲ್ಲಿ ಕೂತ ಕೋಳಿ ಬೀಳಲಿಲ್ಲ. ತಪ್ಪು ಪುಣೆಯದ್ದಲ್ಲ, ತನ್ನದೇ. ಅದು ಕೋಳಿ ಕೂಗಿಗಿಂತ ಹೆಚ್ಚು ಚುಚ್ಚಿತು.

"ಈಗ ಬದಲಿಸಬಹುದಾ ಸಾರ್?"

"ಇವತ್ತು ಬೆಳಿಗ್ಗೆ ಕಡತಕ್ಕೆ ಬೀಗ ಬಿದ್ದಿದೆ. ಆರು ಗಂಟೆಯೊಳಗೆ ಹೊಸ ದನಿ ಕಳಿಸಿದರೆ ಬಿಚ್ಚಿಸಿ ಹಾಕಿಸ್ತೀನಿ. ಆದರೆ..." ಅವರು ತಡವರಿಸಿದರು. "ಬೀಗ ಬಿದ್ದ ಮೇಲೆ ಬಿಚ್ಚಿದರೆ ಅದು ತಿದ್ದಿದ ಕಡತ ಅಂತ ಆಗುತ್ತೆ. ತಿದ್ದಿದ ಕಡತಕ್ಕೆ ಒಬ್ಬರ ಹೆಸರು ಬರೋದಿಲ್ಲ, 'ಕನ್ನಡ ತಂಡ' ಅಂತ ಬರುತ್ತೆ. ರೂಲ್ಸು ಮೇಡಂ, ನನ್ನ ಕೈಯಲ್ಲಿಲ್ಲ."

ಪ್ರೇಮಲತಾ ಫೋನಿನ ಬಾಯಿಗೆ ಅಂಗೈ ಮುಚ್ಚಿ ಬಂಡೆಯ ಮೇಲೆ ಕೂತುಬಿಟ್ಟಳು. ಹಿಂದೆಯೇ ಏರಿ ಬಂದ ಮಾರುತೇಶ ಎಲ್ಲ ಕೇಳಿಸಿಕೊಂಡು, "ಮೇಡಂ, ಸುಲಭ ಐತೆ" ಅಂದ. "ಶುಕ್ರವಾರ ದನಿ ಸೊನ್ನೆ ಮಾಡಿ ಪರೀಕ್ಷೆ ಮುಗಿಸಿಬಿಡೋಣ. ಕೋಳಿ ಕೂಗಂಗಿಲ್ಲ, ನಿಮ್ಮ ಹೆಸರೂ ಹೋಗಂಗಿಲ್ಲ."

ಸುಳ್ಳು ಯಾಕೆ ಹೇಳಬೇಕು, ಅವಳ ಮನಸ್ಸು ಅತ್ತ ವಾಲಿತು. ಆ ಸಾಲನ್ನು ಅವಳು ಎಷ್ಟು ಸಲ ನೋಡಿಕೊಂಡಿದ್ದಳು! 'ಕನ್ನಡಕ್ಕೆ: ಪ್ರೇಮಲತಾ, ಚಳ್ಳಕೆರೆ.' ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಆ ಪುಟ ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದ್ದಳು. ಗಂಡನಿಗೂ ತೋರಿಸಿರಲಿಲ್ಲ, ಒಂದೇ ಸಲ ಶುಕ್ರವಾರ ತೋರಿಸೋಣ ಅಂತ.

ಕೆಳಗೆ ರೊಪ್ಪದ ಬಳಿ ಬೋರಕ್ಕ ಕಾಣುತ್ತಿದ್ದಳು. ಎಡಗೈಯನ್ನು ಹಲಗೆಯಂತೆ ಹಿಡಿದು ಬಲಗೈ ಬೆರಳಿನಿಂದ ಒತ್ತಿ ಒತ್ತಿ ಪಕ್ಕದವಳಿಗೆ ಏನನ್ನೋ ಹೇಳಿಕೊಡುತ್ತಿದ್ದಳು. ತೆಗೀಲಾ ಅಂದ್ರೆ ಹೂಂ ಅನ್ನೋದು, ಅಂತಲೇ ಇರಬೇಕು. ದನಿ ಸೊನ್ನೆ ಮಾಡಿದರೆ ದೊಡ್ಡವ್ವನಿಗೆ ಯಾರು ಓದಿ ಹೇಳುತ್ತಾರೆ? ಹಟ್ಟಿಯಲ್ಲಿ ಕುರಿ ಕಾಯುವವರಲ್ಲಿ ಅರ್ಧಕ್ಕರ್ಧ ಮಂದಿಗೆ ಓದು ಬಾರದು. ಮೂಕ ಹಲಗೆ ಇವರಿಗೆ ಯಾವ ಕೆಲಸಕ್ಕೆ? ಪ್ರೇಮಲತಾಗೆ ಅಳು ಬಂತು, ಅಳುತ್ತಲೇ ಎದ್ದಳು.

"ಬಿಚ್ಚಿಸಿ ಸಾರ್" ಅಂದಳು ಫೋನಿಗೆ. "ಆರರೊಳಗೆ ಕಳಿಸ್ತೀನಿ."

ಯಾವ ದನಿ ಕಳಿಸುವುದು ಅನ್ನುವುದು ಮುಂದಿನ ಪ್ರಶ್ನೆ. ಗಂಟೆ ಸದ್ದು ಅಂದ ಮಾರುತೇಶ. ಕೊಳಲು ಅಂದರು ಯಾರೋ. ಉಗ್ರಪ್ಪಜ್ಜ ಎಲ್ಲವನ್ನೂ ಕೇಳಿ, "ಆ ಪುಣೆಯೋರು ಕೋಳಿ ಯಾಕ್ ಇಟ್ಟಿದ್ರು?" ಅಂದ.

"ಕೋಳಿ ಕೂಗಿದ್ರೆ ಬೆಳಗಾಯ್ತು, ಎದ್ದು ಕೆಲಸಕ್ಕೆ ನಡೀರಿ ಅಂತ ಅಜ್ಜ" ಅಂದಳು ಪ್ರೇಮಲತಾ.

"ಅಷ್ಟೇನಾ?" ಉಗ್ರಪ್ಪಜ್ಜ ನಕ್ಕ. "ನಮ್ಮ ಹಟ್ಟಿನ ದಿನಾ ಎಬ್ಬಿಸೋದು ಯಾರು ಹೇಳ್ರಿ?"

ಎಲ್ಲರೂ ಬೋರಕ್ಕನ ಕಡೆ ತಿರುಗಿದರು. ನಸುಕಿನಲ್ಲಿ ಅವಳು ಕುರಿ ಬಿಡುವಾಗ ಹಾಕುವ ಕೂಗಿಗೆ ಹಟ್ಟಿಯಲ್ಲಿ ಯಾರೂ ಮಲಗಿರಲು ಸಾಧ್ಯವಿಲ್ಲ. ಪಕ್ಕದೂರು ಸಿದ್ದಾಪುರದವರೂ ಅದಕ್ಕೇ ಏಳುತ್ತಾರೆ ಅಂತ ಗಾಳಿ ಸುದ್ದಿಯಿದೆ.

"ಏಮಿಟಿ, ನಾನೇನ್ ಕೋಳಿನಾ?" ಅಂತ ಬೋರಕ್ಕ ಉರಿದು ಬಿದ್ದಳು. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತದೆ. ಆದರೂ ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿದಳು.

ಹಲಗೆ ಹಟ್ಟಿಯೊಳಗೆ ಬರುವಂತಿಲ್ಲವಲ್ಲ, ಅದಕ್ಕೆ ಎಲ್ಲೆಯಾಚೆ, ಜಾಲಿ ಗಿಡದ ಬಳಿಯೇ ಕೂಗು ಹಿಡಿಯುವುದೆಂದಾಯಿತು. ಐದೂವರೆ ದಾಟಿತ್ತು, ಕುರಿಗಳು ಗುಡ್ಡದಿಂದ ಇಳಿದು ಹತ್ತಿರಕ್ಕೇ ಬಂದಿದ್ದವು. ಬೋರಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಪ್ರೇಮಲತಾ ಟ್ಯಾಬ್ಲೆಟ್ಟನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಅವಳಿಗೆ ಎದುರಾಗಿ ನಿಂತು ಕೆಂಪು ಗುಂಡಿ ಒತ್ತಿದಳು.

"ತ್ರ್ರ್ರೋ... ಹೋಯ್! ಬಾ ಬಾ ಬಾ ಬಾ..."

ಆಗಿದ್ದೇನೆಂದರೆ, ಕುರಿಗಳಿಗೆ ಇದು ರೆಕಾರ್ಡಿಂಗು ಅಂತ ಯಾರೂ ಹೇಳಿರಲಿಲ್ಲ. ಎಂಬತ್ತು ಕುರಿಗಳು ಧೂಳೆಬ್ಬಿಸಿಕೊಂಡು ಬೋರಕ್ಕನ ಕಡೆಗೆ, ಅಂದರೆ ಪ್ರೇಮಲತಾಳ ಮೈಮೇಲೆ ಬಂದವು. ಅವಳು ಕಂಪನಿಯ ಟ್ಯಾಬ್ಲೆಟ್ಟನ್ನು ತಲೆ ಮೇಲೆತ್ತಿಕೊಂಡು ಒಂದು ಹೆಜ್ಜೆ ಹಿಂದಿಟ್ಟಳು, ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಹಿಂದೆ ಆಳುದ್ದ ಬೆಳೆದ ಪಾಪಾಸುಕಳ್ಳಿಯ ಮೆಳೆ. ಬೋರಕ್ಕ ಏನೋ ಕಿರುಚಿದ್ದು, ಮಾರುತೇಶ ರಟ್ಟೆ ಹಿಡಿದು ಎಳೆದದ್ದು, ಎರಡು ಕುರಿಗಳ ಮೇಲೆ ತಾನು ಕುಕ್ಕರಿಸಿದ್ದು ಮಾತ್ರ ಅವಳಿಗೆ ನೆನಪು. ಟ್ಯಾಬ್ಲೆಟ್ಟಿಗೆ ಏನೂ ಆಗಿರಲಿಲ್ಲ. ಸೆರಗಿನಲ್ಲಿ ನಾಲ್ಕು ಮುಳ್ಳು ಇದ್ದವು.

"ಆರಕ್ಕೆ ಎಂಟು ನಿಮಿಷ ಐತೆ ಮೇಡಂ!" ಅಂದ ಮಾರುತೇಶ. ಅವಳು ಮುಳ್ಳನ್ನೂ ಕೀಳದೆ, ಹಲಗೆ ಹಿಡಿದು ಎಲ್ಲೆಯ ಹೊರಗಿನಿಂದಲೇ ಬಳಸಿ ಹೋಗಿ ಬಂಡೆ ಹತ್ತಿದಳು. ಕೇಳಿ ನೋಡಲು ಪುರುಸೊತ್ತಿರಲಿಲ್ಲ. ಏಳು ಸೆಕೆಂಡಿಗೆ ಯಂತ್ರ ತಾನೇ ನಿಂತಿತ್ತು, ಹಾಗೇ ಕಳಿಸಿದಳು. ಆರಕ್ಕೆ ಎರಡು ನಿಮಿಷವಿದ್ದಾಗ ಉತ್ತರ ಬಂತು: 'ಸಿಕ್ಕಿತು. ಹೆಸರಿನ ಬಗ್ಗೆ ಬೇಜಾರಿದೆ ಮೇಡಂ.'

ಗುರುವಾರ ಅಂಗಡಿಯಲ್ಲಿ ಅವಳು ಆರು ಮದುವೆ ಕಾರ್ಡು ಟೈಪ್ ಮಾಡಿದಳು. ಒಂದರಲ್ಲಿ ಮುನ್ನೂರು ಹೆಸರಿದ್ದವು. ಅವತ್ತು ಎಲ್ಲರ ಹೆಸರಿನ ಮೇಲೂ ಅವಳಿಗೆ ಸಿಟ್ಟಿತ್ತು.

ಶುಕ್ರವಾರ ಹನುಮಂತರಾಜು ಕಾರಿನಲ್ಲಿ ಬಂದರು. ಫೋನಿನ ದನಿಯಿಂದ ಅವಳು ಎತ್ತರದ ಮನುಷ್ಯನನ್ನು ಊಹಿಸಿದ್ದಳು. ಬಂದವರು ಅವಳ ಭುಜಕ್ಕಿದ್ದರು, ಬಿಸಿಲಿಗೆ ಟೋಪಿ ಬೇರೆ. ಉಗ್ರಪ್ಪಜ್ಜ ಅವರನ್ನು ಎಲ್ಲೆಯಲ್ಲೇ ನಿಲ್ಲಿಸಿದ.

"ಮೊದ್ಲು ಇಲ್ಲೇ ತೆಗೀರಿ ಸ್ವಾಮಿ. ಕೋಳಿ ಹೋಗೈತೋ ಇಲ್ವೋ ನೋಡಿ ಆಮೇಲೆ ಒಳಗೆ."

ಬೋರಕ್ಕನೇ ಮುಂದೆ ಬಂದು, ತೋರುಬೆರಳನ್ನು ಸೀರೆಗೆ ಒರೆಸಿ, ಹಲಗೆಯ ಮೇಲಿನ ಕೊಟ್ಟಿಗೆಯ ಚಿತ್ರವನ್ನು ಒತ್ತಿದಳು.

"ತ್ರ್ರ್ರೋ... ಹೋಯ್! ಬಾ ಬಾ ಬಾ ಬಾ..."

ಪರೀಕ್ಷೆಗಂತ ಹತ್ತಿರದಲ್ಲೇ ಮೇಯಲು ಬಿಟ್ಟಿದ್ದ ಕುರಿಗಳ ಗೊರಸಿನ ಸದ್ದು ಕೇಳಿಸಿತು. ಹನುಮಂತರಾಜು ತಿರುಗಿ ನೋಡುವಷ್ಟರಲ್ಲಿ ಅವರು ಸೊಂಟದವರೆಗೆ ಕುರಿಯಲ್ಲಿ ಮುಳುಗಿದ್ದರು. ಕೆಳಗೆ ಬಿದ್ದ ಟೋಪಿಯನ್ನು ಒಂದು ಟಗರು ತಿನ್ನತೊಡಗಿತ್ತು. ಜನ ನಗಲು ಬಾಯಿ ತೆರೆದರು. ಆದರೆ ಏಳು ಸೆಕೆಂಡು ಇನ್ನೂ ಮುಗಿದಿರಲಿಲ್ಲ. ಹಲಗೆಯೊಳಗಿನಿಂದ ಬೋರಕ್ಕನ ಎದೆಯೊಡೆದ ಕೂಗು ಬಂತು:

"ಪ್ರೇಮಲತಾ!"

ಅಷ್ಟೇ. ಅಲ್ಲಿಗೆ ದನಿ ನಿಂತಿತು. 'ಹಿಂದೆ ನೋಡೇ' ಅನ್ನುವುದು ಎಂಟನೆಯ ಸೆಕೆಂಡಿಗೆ ಸೇರಿತ್ತು.

ಯಾರೂ ನಗಲಿಲ್ಲ. ಪ್ರೇಮಲತಾ ಕುರಿಗಳ ನಡುವೆ ನಿಂತು ದೊಡ್ಡವ್ವನ ಮುಖ ನೋಡಿದಳು. ಬೋರಕ್ಕ ಆಕಾಶ ನೋಡಿದಳು.

"ನಾನಲ್ಲ" ಅಂದಳು ಬೋರಕ್ಕ.

"ನಿನ್ ದನಿನೇ ಕಣೇ" ಅಂದ ಉಗ್ರಪ್ಪಜ್ಜ.

"ಕಳ್ಳಿ ಮೇಲೆ ಬೀಳ್ತಾಳಲ್ಲ ಅಂತ... ಗಾಬ್ರಿಗೆ... ಗಾಬ್ರಿನಾಗೆ ಬಂದಿದ್ದು ಲೆಕ್ಕಕ್ಕಿಲ್ಲ." ಅವಳು ಸೆರಗನ್ನು ಮುಖಕ್ಕೆ ತಂದಳು. ಬೆವರು ಒರೆಸಿಕೊಂಡಂತೆ ಇತ್ತು, ಆದರೆ ಕಣ್ಣು ಮಾತ್ರ ಒರೆಸಿಕೊಂಡಳು.

ಗಾಬರಿಯಲ್ಲಿ ಅದೇ ಹೆಸರು ಬರಬೇಕಾದರೆ ಅದು ನಲವತ್ತನಾಲ್ಕು ವರ್ಷವೂ ನಾಲಿಗೆಯ ತುದಿಯಲ್ಲೇ ಕೂತಿದ್ದಿರಬೇಕು ಅನ್ನುವುದು ಪ್ರೇಮಲತಾಗೆ ಹೊಳೆಯಿತು. ಎದುರಿಗಿದ್ದ ಕುರಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

ಪರೀಕ್ಷೆ ಬೇಗ ಮುಗಿಯಿತು. ಕುರಿಗಳೆಲ್ಲ ತಾವೇ ಬಂದು ನಿಂತಿದ್ದವಲ್ಲ. ಬೋರಕ್ಕ ಒತ್ತಿದಳು, ಹಲಗೆ ಓದಿತು, ಬೋರಕ್ಕ ಅದಕ್ಕೆ ಬಾಯಲ್ಲೂ 'ಹೂಂ' ಅಂದು ಬೆರಳಲ್ಲೂ 'ಹೂಂ' ಒತ್ತಿದಳು. 'ಅಂದಾಜು ಎಷ್ಟಿದಾವು?' ಅಂದದ್ದಕ್ಕೆ ಅಂದಾಜಿನಲ್ಲೂ ಹತ್ತು ಕಡಿಮೆ ಹೇಳಿದಳು. ಕೊನೆಗೆ 'ಬರ್ತೀನಿ' ಒತ್ತಿ, "ಹೂಂ, ಬಾರಪ್ಪ" ಅಂತ ಕಳಿಸಿಕೊಟ್ಟಳು. ಹನುಮಂತರಾಜು ಬರೆದುಕೊಂಡದ್ದೇ ಬರೆದುಕೊಂಡದ್ದು. ಹೊರಡುವಾಗ ಅವರು ಟೋಪಿಯ ಅಂಚು ಕೊಡವುತ್ತ, "ಮೇಡಂ, ಕೊನೆಗೆ ನಿಮ್ಮ ಹೆಸರು ಬಂದುಬಿಟ್ಟಿದೆ. ಎರಡು ನಿಮಿಷದ ಕೆಲಸ, ಕತ್ತರಿಸಿಬಿಡಲಾ?" ಅಂದರು.

ಪ್ರೇಮಲತಾ ಬಾಯಿ ತೆರೆಯುವ ಮೊದಲೇ ಬೋರಕ್ಕ ನಡುವೆ ಬಂದಳು.

"ಬ್ಯಾಡ" ಅಂದಳು. ಅವರಿಗೆ ಕೇಳಿಸಲಿಲ್ಲವೇನೋ ಅಂತ, ಬೆರಳನ್ನು ಗಾಳಿಯಲ್ಲಿ ಒತ್ತಿಯೂ ತೋರಿಸಿದಳು.

ಆ್ಯಪ್ ಈಗ ಎಲ್ಲ ಕಡೆ ಹರಡಿದೆ. ಕೊನೆಯ ಪುಟದಲ್ಲಿ 'ಕನ್ನಡ ತಂಡ' ಅಂತಲೇ ಇದೆ, ಅದನ್ನು ಯಾರೂ ತೆಗೆದು ನೋಡುವುದಿಲ್ಲ. ಮೊನ್ನೆ ಮಧ್ಯಾಹ್ನ ಉಳ್ಳಾರ್ತಿ ಕಡೆಯ ಕುರಿಗಾಹಿಯೊಬ್ಬ ಆಧಾರ್ ಕಾರ್ಡಿನ ಜೆರಾಕ್ಸಿಗೆ ಅಂಗಡಿಗೆ ಬಂದಿದ್ದ. ಯಂತ್ರ ಬಿಸಿಯಾಗುವವರೆಗೆ ಅಂತ ಫೋನು ತೆಗೆದು ಏನೋ ಒತ್ತಿದ. ತ್ರ್ರ್ರೋ ಅಂತ ಶುರುವಾಗಿ, ಬಾ ಬಾ ಬಾ ಅಂತ ಕರೆದು, ಕೊನೆಗೆ ಹೆಸರು ಬಿತ್ತು. ಪ್ರೇಮಲತಾ, ಕೈಯಲ್ಲಿದ್ದ ಕಾಗದ ಕೈಯಲ್ಲೇ ಇರಲು, ಕುರ್ಚಿಯಿಂದ ಎದ್ದು ನಿಂತಿದ್ದಳು.

"ಇದೊಂದು ತಿಳೀವಲ್ದು ನೋಡ್ರಿ ಮೇಡಂ" ಅಂದ ಅವನು. "ದಿನಾ ಕರೀತಾಳೆ ಆ ಯವ್ವ. ಯಾರಿಗ್ರೀ ಕರೆಯೋದು?"

"ನನಗೆ" ಅಂದಳು ಪ್ರೇಮಲತಾ.